ಹಿಡಿದು ಬಿಟ್ಟರೆ ಹಿಂಸೆ ಕಳೆಯಿತೇ?

ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿ ಬ್ಲೂಬೆಲ್ ಲೇಕ್ಸ್ ಎಂಬ ಪುಟ್ಟ ಕೆರೆಗಳ ಸಮೂಹವಿದೆ. ದುಡ್ಡು ಕೊಟ್ಟು ಚೀಟಿ ಪಡೆದವರು ಅಲ್ಲಿ ಗಾಳ ಹಾಕಬಹುದು. ಅಲ್ಲಿನ ಬೆನ್ಸನ್ ಎಂಬ ಹೆಣ್ಣು ಗೆಂಡೆ ಮೀನು ಸುಮಾರು 29 ಕಿಲೋ ತೂಗುತ್ತಿತ್ತು. ಅರವತ್ತಕ್ಕೂ ಹೆಚ್ಚು ಸಲ ಗಾಳಕ್ಕೆ ಸಿಕ್ಕಿತ್ತು. ಹಿಡಿದವರು ತಬ್ಬಿ ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಿದ್ದರು. 2009ರಲ್ಲಿ ಅದು ಸತ್ತಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಹಿಡಿದವರಾರೂ ಅದನ್ನು ತಿನ್ನಲಿಲ್ಲ. ಹಾಗಾದರೆ ನಡೆದದ್ದು ಹಿಂಸೆಯೋ, ಅಲ್ಲವೋ?

ಗಾಳದ ಹವ್ಯಾಸಿಗಳ ಉತ್ತರ ಸಿದ್ಧವಿದೆ. ಮೀನನ್ನು ಒದ್ದೆ ಹಾಸಿನ ಮೇಲೆ ಮಲಗಿಸುತ್ತೇವೆ, ಕೊಕ್ಕೆ ಚುಚ್ಚಿದ ಜಾಗಕ್ಕೆ ಔಷಧಿ ಹಚ್ಚುತ್ತೇವೆ, ಅದರ ಜೀವಕ್ಕೆ ಅಪಾಯವಿಲ್ಲ ಎನ್ನುತ್ತಾರೆ. ಮೀನಿಗೆ ನೋವೇ ಆಗದು ಎನ್ನುವವರೂ ಇದ್ದಾರೆ. ನೋವನ್ನು ಅನುಭವಿಸಲು ಬೇಕಾದ ಮಿದುಳಿನ ಹೊರಪದರ ಮೀನಿಗಿಲ್ಲ ಎಂದು ಅಮೆರಿಕದ ವಿಜ್ಞಾನಿ ಜೇಮ್ಸ್ ರೋಸ್ 2002ರಲ್ಲಿ ವಾದಿಸಿದರು. ಮರುವರ್ಷವೇ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಆಮ್ಲ ಚುಚ್ಚಿ ನೋಡಿದರು. ಮೀನುಗಳು ಮೇವು ಬಿಟ್ಟವು, ತುಟಿಯನ್ನು ತೊಟ್ಟಿಯ ಜಲ್ಲಿಗೆ ಉಜ್ಜಿಕೊಂಡವು.

ಆ ವಾದ ಇನ್ನೂ ಮುಗಿದಿಲ್ಲ. ಆದರೆ ಹಿಡಿದು ಬಿಟ್ಟ ಮೀನಿನ ಕಥೆಯೊಂದನ್ನು ಜೈನರು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದರು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲ. ಮೂರನೆಯ ಕೃಷ್ಣನ ಆಳ್ವಿಕೆ. 959ರಲ್ಲಿ ಸೋಮದೇವಸೂರಿ ಮುಗಿಸಿದ ಸಂಸ್ಕೃತ ಯಶಸ್ತಿಲಕದಲ್ಲಿ ಮೃಗಸೇನನೆಂಬ ಬೆಸ್ತ ಬರುತ್ತಾನೆ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ಅವನು ಮುನಿಯೊಬ್ಬರ ಎದುರು ವ್ರತ ಹಿಡಿಯುತ್ತಾನೆ. ಅಂದು ಬಲೆ ಬೀಸಿದಾಗಲೆಲ್ಲ ಅದೇ ಮೀನು. ಐದು ಸಲ ಸಿಕ್ಕಿತು, ಐದು ಸಲವೂ ಬಿಟ್ಟ. ಬರಿಗೈಲಿ ಮನೆಗೆ ಬಂದವನನ್ನು ಹೆಂಡತಿ ಒಳಗೆ ಸೇರಿಸಲಿಲ್ಲ. ಆ ರಾತ್ರಿಯೇ ಹಾವು ಕಚ್ಚಿ ಸತ್ತ. ಮುಂದಿನ ಜನ್ಮದಲ್ಲಿ ಐದು ಗಂಡಾಂತರಗಳಿಂದ ಪಾರಾದ.

ಮೀನನ್ನು ಮೃಗಸೇನನೂ ಬಿಟ್ಟ, ಬೆನ್ಸನ್ನನ್ನು ಹಿಡಿದವರೂ ಬಿಟ್ಟರು, ಸರಿಯೇ. ಮೃಗಸೇನ ಬಲೆ ಬೀಸಿದ್ದು ಹೊಟ್ಟೆಪಾಡಿಗೆ, ಬಿಟ್ಟದ್ದು ಅಂದಿನ ಅನ್ನ ಕಳೆದುಕೊಂಡು. ಬೆನ್ಸನ್ನನ್ನು ಹಿಡಿದವರಿಗೆ ಬಿಟ್ಟದ್ದರಿಂದ ಕಳೆದುಹೋದದ್ದು ಏನೂ ಇಲ್ಲ. ಬಿಡುವುದಕ್ಕೆಂದೇ ಹಿಡಿದಿದ್ದರು, ಬಿಟ್ಟರೆ ತಾನೆ ನಾಳೆಯ ಆಟ! ಕೃತ್ಯದಷ್ಟೇ ಮನದ ಭಾವವನ್ನೂ ತೂಗುವ ಜೈನರು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ.

ಸ್ವಿಟ್ಜರ್ಲೆಂಡಿನ ಕಾನೂನು ಕೂಡ ಕೇಳುವುದು ಉದ್ದೇಶವನ್ನೇ. 2008ರಲ್ಲಿ ಜಾರಿಯಾದ ಅಲ್ಲಿನ ಪ್ರಾಣಿರಕ್ಷಣಾ ನಿಯಮಾವಳಿಯಂತೆ, ಮತ್ತೆ ಬಿಡಬೇಕೆಂದೇ ಗಾಳ ಹಾಕುವುದು ನಿಷಿದ್ಧ.

ಇನ್ನೊಂದು ಮುಖವೂ ಇದೆ. ಕಾವೇರಿ ತೀರದ ಗಾಲಿಬೋರೆ ಶಿಬಿರದಲ್ಲಿ ಹಿಂದೆ ಬಿಳಿಮೀನು, ಅಂದರೆ ಮಹಶೀರ್ ಹಿಡಿದು ಬಿಡುವ ಕ್ರೀಡೆ ನಡೆಯುತ್ತಿತ್ತು. ಹಿಡಿದ ಮೀನುಗಳ ಲೆಕ್ಕವನ್ನು ಅಲ್ಲಿ ವರ್ಷಗಟ್ಟಲೆ ಬರೆದಿಟ್ಟಿದ್ದರು. ಬೆನ್ನುಬ್ಬಿದ ಮಹಶೀರ್ ಕ್ಷೀಣಿಸುತ್ತಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದು ಆ ದಾಖಲೆಯಿಂದ. ಗಾಳಗಾರರ ಆಟದಿಂದ ಹೊಳೆಗೆ ಇಂಥ ಉಪಕಾರವೂ ಆದೀತು, ಅದನ್ನು ಒಪ್ಪಬೇಕು. ಆದರೆ ಊಟಕ್ಕೊಂದು ಮೀನು ಹಿಡಿದು ಎದ್ದುಹೋಗುವವನಿಗಿಂತ, ದಿನವಿಡೀ ಹಿಡಿದು ಬಿಡುವವನು ಹೆಚ್ಚು ದಯಾವಂತನೆನ್ನಲು ಆಧಾರವಿಲ್ಲ.