ಚೀಟಿ ಕೀಳುವ ಕೈ

ದೀಪಾವಳಿಗೆ ಮುಂಚೆ ಅಟ್ಟ ಖಾಲಿ ಮಾಡುವುದು ನನ್ನ ಹಳೆಯ ಚಾಳಿ. ಹಳೇ ಸಾಮಾನಿನವನಿಗೆಂದು ಕಟ್ಟಿಟ್ಟ ಮೂಟೆಯಿಂದ ನಮ್ಮತ್ತೆ ಹಿಡಿ ಮುರಿದ ಬಾಣಲೆಯನ್ನೋ ಮುಚ್ಚಳವಿಲ್ಲದ ಡಬ್ಬಿಯನ್ನೋ ಮೆಲ್ಲಗೆ ಎತ್ತಿಕೊಂಡು ಹೋಗುತ್ತಿದ್ದರು. "ಇರಲಿ ಬಿಡಮ್ಮ, ಯಾವುದಕ್ಕಾದರೂ ಬರುತ್ತೆ" ಎನ್ನುವುದು ಅವರ ಮಾತು. ನನಗೆ ಮೈಯೆಲ್ಲ ಉರಿ.

ಒಂದೊಂದು ಜೀವಕೋಶದೊಳಗೂ ಇದೇ ಜಗಳ ನಡೆದಿದೆಯೆಂದು ಈಚೆಗೆ ಓದಿ ಬೆರಗಾದೆ. ಕೆಟ್ಟುಹೋದ, ಕೆಲಸ ಮುಗಿದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಅಂಟಿಕೊಳ್ಳುತ್ತದೆ. 76 ಅಮೈನೋ ಆಮ್ಲಗಳ ಈ ಸರವೇ 'ಇದು ಕಸ' ಎನ್ನುವ ಚೀಟಿ. ಚೀಟಿ ಬಿದ್ದದ್ದು ಪ್ರೋಟಿಯಾಸೋಮ್ ಎಂಬ ಪೀಪಾಯಿಯಂಥ ಯಂತ್ರದೊಳಗೆ ಹೋಗಿ ಚೂರಾಗುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 2004ರಲ್ಲಿ ನೊಬೆಲ್ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಯಂತ್ರದ ಬಾಗಿಲಲ್ಲಿ ಕೂತ ಯುಎಸ್‌ಪಿ14 ಎಂಬ ಕಿಣ್ವ. ಒಳಗೆ ಹೋಗುವುದರ ಚೀಟಿ ಕೀಳುವುದೇ ಅದರ ಕಸುಬು. ಬೇಗ ಕಿತ್ತುಬಿಟ್ಟರೆ ಪ್ರೋಟೀನು ಚೂರಾಗದೆ ಉಳಿದುಕೊಳ್ಳುತ್ತದೆ. ಥೇಟ್ ನಮ್ಮತ್ತೆ!

2010ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಈ ಕಿಣ್ವದ ಕೈ ಕಟ್ಟುವ ರಾಸಾಯನಿಕವೊಂದನ್ನು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಟಾವ್ ಪ್ರೋಟೀನು ಬೇಗ ಕರಗಿತು. ಆಲ್‌ಝೈಮರ್ ರೋಗಿಗಳ ಮಿದುಳಿನಲ್ಲಿ ಗಂಟು ಕಟ್ಟುವುದು ಅದೇ. ಓದಿದಾಗ, ನೋಡಿ, ಎಸೆಯುವವಳೇ ಸರಿ ಎಂದು ಬೀಗಿದೆ.

ಆದರೆ ಈ ಕಿಣ್ವ ಹುಟ್ಟಿನಿಂದಲೇ ತೀರಾ ಕಡಿಮೆಯಿದ್ದ ಇಲಿಗಳ ಕತೆ 2002ರಲ್ಲೇ ಹೊರಬಿದ್ದಿತ್ತು. ಅವು ಕೆಲವೇ ವಾರಗಳಲ್ಲಿ ನಡುಗತೊಡಗುತ್ತವೆ, ಕಾಲೂರಲಾರದೆ ಸಾಯುತ್ತವೆ. 2005ರಲ್ಲಿ ನೋಡಿದರೆ ಅವುಗಳಲ್ಲಿ ಯುಬಿಕ್ವಿಟಿನ್ನಿಗೇ ಬರ! ಕಿತ್ತ ಚೀಟಿಯನ್ನು ಕಸದ ಪಾಲಾಗಲು ಬಿಡದೆ ಮತ್ತೆ ಬಳಕೆಗೆ ಉಳಿಸುತ್ತಿದ್ದದ್ದೂ ಆ ಕೈಯೇ. ಕರುಣೆಯೋ ಜಿಪುಣತನವೋ, ಎಂತೂ ಅದಿಲ್ಲದೆ ಇಲಿಗಳು ಬದುಕಲಿಲ್ಲ.

ನಮ್ಮತ್ತೆಗೆ ಪಾರ್ಕಿನ್ಸನ್ ಬಂದು ನಾಲ್ಕು ವರ್ಷ. ಈಗ ಮೂಟೆಗೆ ಕೈಹಾಕುವವರಿಲ್ಲ. ಕಳೆದ ಸಲ ಇಡೀ ಅಟ್ಟ ಒಂದೇ ಬೆಳಗಿನಲ್ಲಿ ಖಾಲಿಯಾಯಿತು. ಮೂಟೆಯ ಬಾಯಿ ಕಟ್ಟುವಾಗ ಯಾಕೋ ಮುಜುಗರ. ತಡೆಯುವ ಕೈಗೆ ಬಲ ಉಡುಗಿದೆಯೆಂದು ಎಸೆದರೆ ಅದು ಶುಚಿಯೋ, ಜಬರದಸ್ತೋ? ಮೂಟೆಯನ್ನು ಎಳೆದು ತಂದು ಅವರ ಕುರ್ಚಿಯ ಮುಂದೆ ಬಿಚ್ಚಿದೆ. ನಡುಗುವ ಕೈ ತುಂಬ ಹೊತ್ತು ತಡಕಿ ಒಂದು ಹಿತ್ತಾಳೆ ಸೌಟನ್ನು ಎತ್ತಿತು. ಸುಮ್ಮನಿದ್ದೆ. ಆಮೇಲೆ ಆ ಬಾಣಲೆಯೂ ಮೇಲೆ ಬಂತು. ಅದು ಬೇಡವೇ ಬೇಡ ಎಂದೆ. ಬಹಳ ದಿನದ ಮೇಲೆ ಇಬ್ಬರಿಗೂ ಜಗಳವಾಯಿತು.