ಗುರುತಿನ ಅಂಗಡಿ, ಗುರುತಿಲ್ಲದ ಅಂಗಡಿ

ನೀತಿಶಾಸ್ತ್ರದ ಚರಿತ್ರೆಯಲ್ಲಿ ಒಬ್ಬ ಅಂಗಡಿಯವನಿದ್ದಾನೆ. ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ, ನೀತಿಯ ತಳಹದಿಯನ್ನು ಹುಡುಕುವ ಪುಟ್ಟ ಪುಸ್ತಕವೊಂದರಲ್ಲಿ ಅವನು ಹೀಗೆ ಬಂದು ಹಾಗೆ ಹೋಗುತ್ತಾನೆ. ಅವನಿಗೆ ಹೆಸರಿಲ್ಲ, ಏನು ಮಾರುತ್ತಾನೆಂಬುದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ವ್ಯವಹಾರ ತಿಳಿಯದ ಗಿರಾಕಿ ಬಂದರೂ ಅವನು ಹೆಚ್ಚು ಬೆಲೆ ಹೇಳುವುದಿಲ್ಲ. ಎಲ್ಲರಿಗೂ ಒಂದೇ ದರ. ಮಗು ಬಂದು ಕೊಂಡರೂ ದೊಡ್ಡವರಿಗೆ ಸಿಗುವ ದರಕ್ಕೇ ಸಿಗುತ್ತದೆ. ಹಾಗಾದರೆ ಅವನು ಒಳ್ಳೆಯ ಮನುಷ್ಯನೇ? ಅಷ್ಟರಿಂದಲೇ ಹಾಗೆನ್ನಲಾಗದು ಅನ್ನುತ್ತಾನೆ ಕಾಂಟ್. ನಾಲ್ಕು ಅಂಗಡಿ ಇರುವ ಪೇಟೆಯಲ್ಲಿ ಪ್ರಾಮಾಣಿಕತೆಯೇ ಲಾಭದ ದಾರಿ. ಅವನು ಮಾಡಿದ್ದು ಸರಿಯಾದದ್ದನ್ನೇ, ಆದರೆ ಸರಿ ಎಂಬ ಕಾರಣಕ್ಕೇ ಮಾಡಿದನೋ ಇಲ್ಲವೋ ಹೊರಗಿನಿಂದ ತಿಳಿಯದು.

ಇದಕ್ಕೆ ಒಂಬತ್ತು ವರ್ಷ ಮೊದಲು, 1776ರಲ್ಲಿ, ಆಡಂ ಸ್ಮಿತ್ ಇದೇ ಮಾತನ್ನು ನೆಮ್ಮದಿಯಿಂದ ಹೇಳಿದ್ದ. ನಮ್ಮ ಊಟ ನಮಗೆ ಸಿಗುವುದು ಕಟುಕನ, ರೊಟ್ಟಿಯವನ ದಯೆಯಿಂದಲ್ಲ, ಅವರವರ ಹಿತಾಸಕ್ತಿಯಿಂದ. ಸ್ಮಿತ್‌ಗೆ ಸಮಾಧಾನ ತಂದದ್ದೇ ಕಾಂಟ್‌ಗೆ ಪ್ರಶ್ನೆಯಾಯಿತು.

ನಾವು ಮಾತ್ರ ಇಬ್ಬರನ್ನೂ ಒಪ್ಪುವುದಿಲ್ಲ. ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಮನುಷ್ಯ ಸಂಬಂಧವಿದೆ, ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಬರೀ ವ್ಯಾಪಾರ ಎಂದು ಎಲ್ಲರೂ ಹೇಳುತ್ತೇವೆ. ಹೇಳಿ, ತಿಂಗಳ ಸಾಮಾನಿಗೆ ಸೂಪರ್ ಮಾರ್ಕೆಟ್‌ಗೆ ಹೋಗುತ್ತೇವೆ. ಮಾತಿಗೂ ನಡೆಗೂ ನಡುವಿನ ಈ ಬಿರುಕಿಗೆ ರಿಯಾಯಿತಿ ದರವೊಂದೇ ಕಾರಣ ಎಂದು ನನಗನ್ನಿಸುವುದಿಲ್ಲ.

ಮೊದಲು ಕಿರಾಣಿ ಅಂಗಡಿಯ ಪರವಾಗಿ. ಅಲ್ಲಿ ಕೇಳಿಸುವ ಒಂದು ಮಾತಿದೆ: ‘ಈ ಸಲ ತೊಗರಿಬೇಳೆ ಬೇಡ ಅಕ್ಕ, ಹುಳ ಬಿದ್ದಿದೆ. ನಾಡಿದ್ದು ಹೊಸ ಮೂಟೆ ಬರುತ್ತೆ, ಆಗ ತಗೊಳ್ಳಿ.’ ಈ ಮಾತಿನಿಂದ ಅವನಿಗೆ ಆ ದಿನದ ಒಂದು ವ್ಯಾಪಾರ ಹೋಯಿತು. ನಾಳೆಯ ಗಿರಾಕಿಯನ್ನು ಉಳಿಸಿಕೊಳ್ಳುವ ಲೆಕ್ಕಾಚಾರ ಅದು ಎಂದು ಕಾಂಟ್ ಗೊಣಗಬಹುದು. ಇರಲಿ. ಆದರೆ ಸೂಪರ್ ಮಾರ್ಕೆಟ್‌ನ ಸಮವಸ್ತ್ರ ತೊಟ್ಟ ಹುಡುಗಿಗೆ ಬೇಳೆಯ ಗುಟ್ಟು ಗೊತ್ತಿದ್ದರೂ ಈ ಮಾತು ಹೇಳುವ ಅಧಿಕಾರವಿಲ್ಲ. ಎರಡು ರೂಪಾಯಿ ಕಡಿಮೆ ಬಿದ್ದರೆ ‘ಪರವಾಗಿಲ್ಲ, ನಾಳೆ ಕೊಡಿ’ ಅನ್ನಲಾರಳು. ಅವಳು ಹೇಳಬಹುದಾದದ್ದು ‘ಸಿಸ್ಟಮ್ ತಗೊಳ್ತಿಲ್ಲ ಸಾರ್’ ಎಂದಷ್ಟೇ. ಅದು ಉಡಾಫೆಯಲ್ಲ, ಅಕ್ಷರಶಃ ನಿಜ. ದಯೆ ತೋರಲು ಮನಸ್ಸಿದ್ದರೆ ಸಾಲದು, ನಿಯಮವನ್ನು ಬಗ್ಗಿಸುವ ಹಕ್ಕೂ ಬೇಕು. ಗಲ್ಲಾದ ಮೇಲೆ ಕೂತವನಿಗೆ ಅದಿದೆ, ಬಿಲ್ಲಿಂಗ್ ಯಂತ್ರದ ಹಿಂದೆ ನಿಂತವಳಿಗೆ ಇಲ್ಲ.

ಕೊಸರು ಎಂಬ ಪದ ಇಲ್ಲಿ ನೆನಪಾಗುತ್ತದೆ. ತೂಕ ಸರಿಹೋದ ಮೇಲೂ ತಕ್ಕಡಿಗೆ ಬೀಳುವ ಒಂದು ಬದನೆಕಾಯಿ, ನಾಲ್ಕೆಸಳು ಕರಿಬೇವು. ಕಂಪನಿಗಳೂ ಕೊಸರು ಕೊಡುತ್ತವೆ, ಅದಕ್ಕೆ ಪಾಯಿಂಟ್ಸ್ ಎಂದು ಹೆಸರು. ಅದಕ್ಕಾಗಿ ಫೋನ್ ನಂಬರ್ ಕೇಳುತ್ತವೆ, ಎಷ್ಟಕ್ಕೆ ಎಷ್ಟು ಎಂದು ಮೊದಲೇ ಗೊತ್ತಿರುತ್ತದೆ. ಮೊದಲೇ ಗೊತ್ತಿರುವ ಕೊಸರು ತೂಕದಲ್ಲಿ ಸೇರಿಹೋದ ಹಾಗೆ.

ಇಲ್ಲಿಗೆ ನಿಲ್ಲಿಸಿದ್ದರೆ ಹಿತವಾಗಿರುತ್ತಿತ್ತು. ಆದರೆ ಗುರುತಿನ ಅಂಗಡಿಗೆ ನಮ್ಮ ಏನೇನು ಗುರುತಿದೆ? ನಮ್ಮ ಅಪ್ಪ ಯಾರು, ಉದ್ರಿ ಎಷ್ಟು ಬಾಕಿ, ಮನೆಗೆ ಯಾರು ಬಂದಿದ್ದಾರೆ, ಎಲ್ಲವೂ. ಹದಿನಾಲ್ಕರ ಹುಡುಗಿ ಸ್ಯಾನಿಟರಿ ಪ್ಯಾಡ್ ಕೇಳಲು ಅಂಗಡಿ ಖಾಲಿಯಾಗಲೆಂದು ಕಾಯುತ್ತಾಳೆ. ಅವನು ಅದನ್ನು ಕಳ್ಳಮಾಲಿನಂತೆ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕುತ್ತಾನೆ. ಅವನು ಕೆಟ್ಟವನೆಂದಲ್ಲ. ಅವನಿಗೆ ಅವಳ ಮನೆಯವರು ಗೊತ್ತು, ಅದೇ ತೊಡಕು.

ಇದಕ್ಕಿಂತ ದೊಡ್ಡದು ಜಾತಿ. ಹಳ್ಳಿಯ ಅಂಗಡಿಯವನಿಗೆ ಪ್ರತಿ ಗಿರಾಕಿಯೂ ಮೂರು ತಲೆಮಾರಿನಿಂದ ಗೊತ್ತು. ಗೊತ್ತಿದ್ದುದರಿಂದಲೇ ಕೆಲವರು ಜಗಲಿಯ ಕೆಳಗೆ ನಿಂತು ಕೇಳಬೇಕಿತ್ತು. ಅವರ ದುಡ್ಡನ್ನು ನೆಲದ ಮೇಲೆ ಇಡಿಸಿಕೊಂಡು, ಸಾಮಾನನ್ನು ಸೆರಗಿಗೋ ಬೊಗಸೆಗೋ ಮೇಲಿನಿಂದ ಹಾಕುತ್ತಿದ್ದರು. ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಯಾವ ಯಾವ ಜಾಗಗಳಿಗೆ ಯಾರನ್ನೂ ತಡೆಯಕೂಡದು ಎಂದು ಪಟ್ಟಿಮಾಡುತ್ತದೆ. ಆ ಪಟ್ಟಿಯ ಮೊದಲ ಪದ ‘ಅಂಗಡಿ’. ಬರೆದವರಿಗೆ ಅಂಗಡಿಯ ಮುಂದಿನ ಅನುಭವ ಏನೆಂದು ತಿಳಿದಿತ್ತು.

1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದ. ಗಿರಾಕಿಗಳೇ ಒಳಗೆ ಓಡಾಡಿ, ಬೇಕಾದ್ದನ್ನು ಎತ್ತಿಕೊಂಡು, ಹೊರಬರುವಾಗ ದುಡ್ಡು ಕೊಡುವ ಏರ್ಪಾಡು. ಅದರಿಂದ ಆಳುಗಳ ಖರ್ಚು ಉಳಿಯುತ್ತಿತ್ತು. ಆದರೆ ಅದೇ ಏರ್ಪಾಡು ನಮ್ಮ ನಾಡಿಗೆ ಬಂದಾಗ ಬೇರೆಯೇ ಅರ್ಥ ಪಡೆಯಿತು. ಎಲ್ಲರೂ ಎಲ್ಲವನ್ನೂ ಮುಟ್ಟಬಹುದು. ಮುಟ್ಟಿ, ತಿರುಗಿಸಿ ನೋಡಿ, ಬೇಡವೆಂದು ಮತ್ತೆ ಅಲ್ಲೇ ಇಟ್ಟು ಹೋಗಬಹುದು. ಅದನ್ನೇ ಮುಂದಿನವರು ಎತ್ತಿಕೊಳ್ಳುತ್ತಾರೆ. ಮುಟ್ಟುವುದೇ ಅಪರಾಧವಾಗಿದ್ದ ಸಮಾಜದಲ್ಲಿ ಇದನ್ನು ‘ಮಾನವೀಯ ಸ್ಪರ್ಶವಿಲ್ಲದ ವ್ಯಾಪಾರ’ ಎಂದು ಹಳಿಯುವವರು ಸ್ವಲ್ಪ ಯೋಚಿಸಿ ಮಾತಾಡಬೇಕು. ಗುರುತು ಸಿಗದಿರುವುದೂ ಒಂದು ಬಗೆಯ ಗೌರವ. ಕೆಲವರ ಪಾಲಿಗೆ ಮೊದಲು ದಕ್ಕಿದ ಗೌರವ ಅದೇ.

ಹಾಗೆಂದು ಆ ಗೌರವ ಎಲ್ಲರಿಗೂ ಸಿಕ್ಕಿದೆಯೆಂದಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದು, ಮಗನ ಜೊತೆ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆಯಿತು. ಪ್ರತಿಭಟನೆಯಾಗಿ ಸರ್ಕಾರ ಆ ಮಾಲನ್ನು ಕೆಲದಿನ ಮುಚ್ಚಿಸಿತು. ಹೆಸರು, ಕುಲ ಕೇಳದ ಜಾಗಕ್ಕೂ ಬಟ್ಟೆ ಕಾಣುತ್ತದೆ.

ಇನ್ನು ಆ ನಗು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿ, ನಗುವುದೂ ಸಂಬಳಕ್ಕೆ ಮಾಡುವ ದುಡಿಮೆಯೇ ಎಂದು ತೋರಿಸಿದರು. ಚೈನ್ ಅಂಗಡಿಯ ‘ವೆಲ್‌ಕಮ್ ಸಾರ್’ ಕೂಡ ಅಂಥದ್ದೇ. ಅದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ನೋಡಿದರೆ ಕಾಂಟ್‌ನ ಅಂಗಡಿಯವನೇ ಈಗ ಕಂಪನಿಯಾಗಿದ್ದಾನೆ: ಎಲ್ಲರಿಗೂ ಒಂದೇ ದರ, ಒಂದೇ ನಮಸ್ಕಾರ. ವ್ಯತ್ಯಾಸವೆಂದರೆ ಉದ್ದೇಶವೇನೆಂದು ಬಗೆದು ನೋಡಲು ಕಂಪನಿಗೆ ಮನಸ್ಸೇ ಇಲ್ಲ. ಮನಸ್ಸಿರುವುದು ಆ ನಗುವನ್ನು ದಿನವಿಡೀ ಹೊತ್ತವಳಿಗೆ. ಆ ಹೊತ್ತಿಗೆ ಅವಳ ಕಾಲು ನೋಯುತ್ತಿರುತ್ತದೆ.

ನಮ್ಮ ಹೋಲಿಕೆಯ ದೋಷ ಇಲ್ಲೇ ಇದೆ. ಸೇವೆಯನ್ನು ನಾವು ಕೌಂಟರಿನ ಈಚೆಯಿಂದ ಮಾತ್ರ ಅಳೆಯುತ್ತೇವೆ. ನಮ್ಮನ್ನು ಅಕ್ಕರೆಯಿಂದ ಮಾತಾಡಿಸುವ ಅಂಗಡಿಯವನ ಹಿಂದೆ ಮೂಟೆ ಹೊರುವ ಹುಡುಗನಿಗೆ ವಾರದ ರಜೆ ಇದೆಯೇ ಎಂದು ಕೇಳುವುದಿಲ್ಲ. ಕೇರಳದ ಕೋಳಿಕ್ಕೋಡಿನ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ್ದು ಕೂರುವ ಹಕ್ಕಿಗಾಗಿ. ಬಹುರಾಷ್ಟ್ರೀಯ ಕಂಪನಿಗಳ ವಿರುದ್ಧವಲ್ಲ, ಹೆಚ್ಚಾಗಿ ಅಲ್ಲಿಯ ಮಾಲೀಕರ ವಿರುದ್ಧವೇ. 2018ರಲ್ಲಿ ಕೇರಳ ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡೂ ತಿದ್ದಿತು. ಮಾರುವವರು ಕೂತರೆ ಗಿರಾಕಿಗೆ ಅಗೌರವ ಎಂಬುದು ಅಲ್ಲಿಯವರೆಗಿನ ನಂಬಿಕೆ. ಬೀದಿಯ ಕಿರಾಣಿ ಅಂಗಡಿಯ ಮಾಲೀಕ ಮಾತ್ರ ಮೊದಲಿನಿಂದಲೂ ಗಲ್ಲಾದ ಹಿಂದೆ ಕೂತೇ ನಮ್ಮನ್ನು ಮಾತಾಡಿಸುತ್ತಿದ್ದಾನೆ. ಅದರಿಂದ ಯಾರಿಗೂ ಬೇಸರವಾದಂತೆ ಕಂಡಿಲ್ಲ.