ಕಂಡದ್ದನ್ನು ಹೇಳದಿದ್ದರೆ?

ಸುಳ್ಳುಸಾಕ್ಷಿ ಹೇಳಬಾರದು ಅಂತ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಆದರೆ ಕಂಡದ್ದನ್ನು ಹೇಳದೆ ಸುಮ್ಮನಿದ್ದರೆ? ಯಾಜಕಕಾಂಡ 5:1 ತೆಗೆದು ನೋಡಿ. ಸಾಕ್ಷಿ ಹೇಳು ಅಂತ ಕರೆದಾಗ ಬಾಯಿ ಮುಚ್ಚಿಕೊಂಡವನೂ ದೋಷಿಯೇ.

2014ರಲ್ಲಿ ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ವಶಮಾಡಿಕೊಂಡಿತು. ಮರುವರ್ಷವೇ ಅಲ್ಲಿ ಕ್ರಿಮಿಯನ್ ತಾತಾರರ ಎಟಿಆರ್ ಚಾನೆಲ್ ಪ್ರಸಾರ ನಿಂತಿತು. ಆಗ ಸಾಮಾನ್ಯ ಜನರೇ ಮೊಬೈಲ್ ಹಿಡಿದರು. ಯಾರ ಮನೆ ಶೋಧಿಸಿದರು, ಕೋರ್ಟಿನಲ್ಲಿ ಏನಾಯಿತು ಅಂತ ಲೋಕಕ್ಕೆ ತಿಳಿಸಿದರು. 'ಕ್ರಿಮಿಯನ್ ಸಾಲಿಡಾರಿಟಿ'ಯ ಸೆರ್ವೆರ್ ಮುಸ್ತಫಾಯೆವ್ ಅವರನ್ನು 2018ರಲ್ಲಿ ಬಂಧಿಸಿ, ಭಯೋತ್ಪಾದನೆಯ ಆರೋಪ ಹೊರಿಸಿ, 2020ರಲ್ಲಿ 14 ವರ್ಷ ಶಿಕ್ಷೆ ಕೊಟ್ಟರು. ಇರಿನಾ ದಾನಿಲೊವಿಚ್ ಒಬ್ಬ ನರ್ಸ್. ಆರೋಗ್ಯ ವ್ಯವಸ್ಥೆಯ ಕೊರತೆಗಳ ಬಗ್ಗೆ ಬರೆಯುತ್ತಿದ್ದರು. ಕನ್ನಡಕದ ಡಬ್ಬಿಯಲ್ಲಿ ಸ್ಫೋಟಕ ಸಿಕ್ಕಿತು ಅಂತ ಹೇಳಿ 2022ರಲ್ಲಿ 7 ವರ್ಷ.

"ಪಾಸ್ಟರ್, ಇದು ಪಾಲಿಟಿಕ್ಸ್. ಅವರಲ್ಲಿ ಬಹಳ ಜನ ಮುಸ್ಲಿಮರು ಬೇರೆ" ಅಂತ ನೀವು ಕೇಳಬಹುದು. ಯೆರೆಮೀಯ 38ನೇ ಅಧ್ಯಾಯ ಓದಿ. ಸೈನಿಕರ ಧೈರ್ಯ ಕೆಡಿಸುತ್ತಾನೆ, ಇದೇ ಪ್ರವಾದಿಯ ಮೇಲಿದ್ದ ಆರೋಪ. ಅದಕ್ಕೇ ಅವನನ್ನು ಕೆಸರಿನ ಬಾವಿಗೆ ಇಳಿಸಿದರು. ಮೇಲೆತ್ತಿದವನು ಯಾರು? ಕೂಷ್ಯನಾದ ಎಬೆದ್ಮೆಲೆಕ, ಪರದೇಶದವನು. ನಮ್ಮ ಜನವೋ ಅಲ್ಲವೋ ಅಂತ ಅವನು ಲೆಕ್ಕ ಹಾಕಲಿಲ್ಲ. ಹಗ್ಗ ಒತ್ತಬಾರದು ಅಂತ ಕಂಕುಳಿಗೆ ಹಳೇ ಬಟ್ಟೆ ಕೂಡ ಕೊಟ್ಟ.

ಒಂದು ಮಾತು ನೆನಪಿರಲಿ. ಯೆರೆಮೀಯನಿಗೂ ಹೆದರಿಕೆ ಇತ್ತು. ನನ್ನನ್ನು ಮತ್ತೆ ಆ ಸೆರೆಗೆ ಕಳಿಸಬೇಡ ಅಂತ ಅರಸನಲ್ಲಿ ಬೇಡಿಕೊಂಡ. ಹಾಗಾಗಿ ಕ್ರಿಮಿಯಾದಲ್ಲಿ ಮಕ್ಕಳಿಗೋಸ್ಕರ ಬಾಯಿ ಮುಚ್ಚಿಕೊಂಡ ತಾಯಿಯ ಮೇಲೆ ನಾವು ತೀರ್ಪು ಮಾಡಬಾರದು. ಅವಳ ಬಾಗಿಲಲ್ಲಿ ಬಂದೂಕು ನಿಂತಿದೆ. ನಮ್ಮ ಬಾಗಿಲಲ್ಲಿ ಏನಿದೆ? ಬರೀ "ನನಗ್ಯಾಕೆ ಈ ಉಸಾಬರಿ" ಅನ್ನೋ ಮಾತು. ಅಪಾಯ ಕಡಿಮೆ ಇದ್ದಷ್ಟೂ ನಮ್ಮ ನೆವವೂ ಕಡಿಮೆ.

ಏನು ಮಾಡೋಣ? ಈ ಎರಡು ಹೆಸರು ಬರೆದುಕೊಳ್ಳಿ, ಹೆಸರು ಹಿಡಿದು ಪ್ರಾರ್ಥಿಸಿ. ಸೆರೆಯಲ್ಲಿರುವವರನ್ನು ಜೊತೆ ಸೆರೆಯವರಂತೆ ನೆನೆಯಲು ಇಬ್ರಿಯರಿಗೆ 13:3 ಕಲಿಸುತ್ತದೆ. ಪರೀಕ್ಷಿಸದೆ ಏನನ್ನೂ ಫಾರ್ವರ್ಡ್ ಮಾಡಬೇಡಿ, ಯಾಕಂದರೆ ಸುಳ್ಳು ಹೆಚ್ಚಾದಷ್ಟೂ ನಿಜವಾದ ಸಾಕ್ಷಿಯ ಮಾತು ಯಾರಿಗೂ ಕೇಳಿಸಲ್ಲ. ನಾಳೆ ಆಫೀಸಿನಲ್ಲಿ ಯಾರಿಗಾದರೂ ಅನ್ಯಾಯವಾಗಿ, "ನೀನು ನೋಡಿದೆಯಾ?" ಅಂತ ನಿಮ್ಮನ್ನು ಕೇಳಿದರೆ, ನೋಡಿದ್ದನ್ನು ನೋಡಿದೆ ಅಂತ ಹೇಳಿ. ಕರ್ತನು ನಮಗೆ ಆ ಧೈರ್ಯ ಕೊಡಲಿ. ಆಮೆನ್.